ಘಟ್ಟದ ಮೇಲಿನ ತೋಟದ ಮನೆಗಳು

ಅಜ್ಜನೂ ಮೊಮ್ಮಗನೂ ಒಂದೇ ಮಾಡಿನ ಕೆಳಗೆ ಬಾಳಬೇಕು, ಮನೆಯ ಸುತ್ತ ಹಸುರಿರಬೇಕು, ಮನೆಗೆ ಬೇಕಾದುದರಲ್ಲಿ ಬಹುಪಾಲು ಮನೆಯ ನೆಲದಲ್ಲಿಯೇ ಹುಟ್ಟಬೇಕು ಎಂಬ ಹಂಬಲವು ಈಚೆಗೆ ವಿದ್ಯಾವಂತ ಕುಟುಂಬಗಳಲ್ಲಿ ಮತ್ತೆ ತಲೆಯೆತ್ತಿರುವುದು ಕಂಡುಬರುತ್ತಿದೆ. ಪಟ್ಟಣದ ಅಂಚಿನಲ್ಲಿ ಒಂದೆರಡು ಎಕರೆ ನೆಲವನ್ನು ಕೊಂಡು, ನಕ್ಷೆ ಬರೆಯಿಸಿ, ತಂದೆತಾಯಿಗಳಿಗೊಂದು ಕೋಣೆ, ಮಕ್ಕಳಿಗೊಂದು ಕೋಣೆ, ನಡುವೆ ಹೂದೋಟವೆಂದು ಯೋಜನೆ ಮಾಡುವವರು ಈಗ ಅಪೂರ್ವವಲ್ಲ. ಇದನ್ನು ಹೊಸ ಕಲ್ಪನೆಯೆಂದು ತಿಳಿಯುವವರೂ ಇದ್ದಾರೆ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಅಡಿಕೆಯ ತೋಟವನ್ನು ನಂಬಿ ಬಾಳಿದ ಹವ್ಯಕರ ಮನೆಗಳು ಹಲವು ತಲೆಮಾರುಗಳ ಕಾಲ ಇದೇ ಬಗೆಯ ಬಾಳನ್ನು ನಡೆಸಿದವು. ಅವು ಹೇಗೆ ಕಟ್ಟಲ್ಪಟ್ಟವು, ಯಾವುದರ ಆಧಾರದಿಂದ ನಿಂತವು, ಯಾವುದು ಸಡಿಲಿದಾಗ ಒಡೆದವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹಿಂದಿನವರಲ್ಲಿ ಪ್ರೀತಿವಿಶ್ವಾಸಗಳು ಹೆಚ್ಚಾಗಿದ್ದವು, ಆದುದರಿಂದ ಕುಟುಂಬಗಳು ಒಡೆಯಲಿಲ್ಲ ಎಂದು ಹೇಳುವುದು ವಾಡಿಕೆ. ಈ ಮಾತನ್ನು ನಾನು ಒಪ್ಪಲಾರೆ. ಅತ್ತೆಸೊಸೆಯರ ಕಲಹ, ದಾಯಾದಿಗಳ ಮಾತ್ಸರ್ಯ, ಯಜಮಾನನ ದಬ್ಬಾಳಿಕೆ ಇವು ಯಾವ ಕಾಲಕ್ಕೂ ಹೊಸತಲ್ಲ. ಮನೆಯ ಮಂದಿಯನ್ನು ಕೂಡಿಸಿಟ್ಟಿದ್ದು ಮನಸ್ಸಿಗಿಂತ ಹೆಚ್ಚಾಗಿ ನೆಲವೇ. ಆ ನೆಲದಲ್ಲಿಯೂ, ಯಾರೊಬ್ಬನೂ ತನ್ನದೆಂದು ಬೇರೆ ಕಡಿದುಕೊಳ್ಳಲಾಗದ ಭಾಗ.

ಮೊದಲು ತೋಟದ ಮಾತನ್ನೇ ಹೇಳಬೇಕು. ವರ್ಷಕ್ಕೆ ಸುಮಾರು ೧೦೦ ಅಂಗುಲ ಮಳೆ ಬೀಳುವ ಈ ಸೀಮೆಯಲ್ಲಿ ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯೇ ತೋಟಕ್ಕೆ ತಕ್ಕ ಸ್ಥಳ. ಬಿಸಿಲಿನ ಉರಿ ಅಲ್ಲಿ ನೇರವಾಗಿ ತಾಗದು. ಬೇಸಗೆಯಲ್ಲಿಯೂ ನೆಲದ ತೇವ ಆರದು. ಮೊದಲು ಬಾಳೆಯನ್ನು ನೆಟ್ಟು ನೆರಳು ಮಾಡಿ, ಆ ನೆರಳಿನಲ್ಲಿ ಅಡಿಕೆಯ ಸಸಿಯನ್ನಿಟ್ಟು, ಮರವಾದ ಮೇಲೆ ಅದಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿ, ಬುಡದ ತಂಪಿನಲ್ಲಿ ಯಾಲಕ್ಕಿಯನ್ನು ಬೆಳೆಯುವುದು ಪದ್ಧತಿ. ಸಸಿ ನೆಟ್ಟವನು ಫಲಕ್ಕಾಗಿ ೬ರಿಂದ ೮ ವರ್ಷ ಕಾಯಬೇಕು. ಮರವಾದರೋ ೬೦ ವರ್ಷಗಳನ್ನು ಮೀರಿ ಬಾಳುವುದುಂಟು. ಹಳೆಯ ಮರ ಬೀಳುವುದಕ್ಕೆ ಮೊದಲೇ ಅದರ ಬದಿಯಲ್ಲಿ ಎಳೆಯ ಸಸಿಯನ್ನಿಡುವುದರಿಂದ ತೋಟವೆಂಬುದು ಎಂದೂ ಒಟ್ಟಿಗೆ ಮುದಿಯಾಗುವುದಿಲ್ಲ. ಅಜ್ಜ ನೆಟ್ಟದ್ದು, ಅಪ್ಪ ನೆಟ್ಟದ್ದು, ತಾನು ನೆಟ್ಟದ್ದು ಈ ಮೂರೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ತನ್ನ ಜೀವಿತವನ್ನು ಮೀರಿದ ಮರವನ್ನು ನೆಡುವವನಿಗೆ ಅದನ್ನು ನೋಡಿಕೊಳ್ಳುವ ಮುಂದಿನವನು ಮನೆಯಲ್ಲಿಯೇ ಇರಬೇಕೆಂದು ಅನ್ನಿಸುವುದು ಸಹಜವಷ್ಟೆ.

ಆದರೆ ತೋಟವು ತನ್ನನ್ನು ತಾನೇ ಸಾಕಿಕೊಳ್ಳಲಾರದು. ಇಷ್ಟು ಮಳೆಯಲ್ಲಿ ನೆಲದ ಸಾರವೆಲ್ಲ ತೊಳೆದುಹೋಗುತ್ತದೆ. ಅದನ್ನು ತುಂಬಿಕೊಡುವುದು ಸೊಪ್ಪಿನ ಬೆಟ್ಟ. ತೋಟದ ಮೇಲ್ಬದಿಯ ಗುಡ್ಡದ ಮರಗಳಿಂದ ಹಸುರು ಸೊಪ್ಪನ್ನು ಕಡಿದು, ಬೇಸಗೆಯಲ್ಲಿ ಉದುರಿದ ದರಕನ್ನು ಗುಡಿಸಿ, ಹೊರೆ ಕಟ್ಟಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲ ಕೆಳಗೆ ಹಾಸುತ್ತಾರೆ. ಸೆಗಣಿ ಗಂಜಲಗಳಲ್ಲಿ ಬೆರೆತು ತುಳಿದ ಆ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿ, ಕೊಳೆತ ಮೇಲೆ ತೋಟಕ್ಕೆ ಹರಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಸರಕಾರವು ಅರಣ್ಯವನ್ನೆಲ್ಲ ತನ್ನ ಹಿಡಿತಕ್ಕೆ ತೆಗೆದುಕೊಂಡಾಗಲೂ ಈ ಸಂಬಂಧವನ್ನು ಅಲ್ಲಗಳೆಯಲಾರದೆ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ೯ ಎಕರೆಯವರೆಗೆ, ಕರಾವಳಿಯಲ್ಲಿ ೪ ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಒಪ್ಪಬೇಕಾಯಿತು. ಈ ಲೆಕ್ಕವನ್ನು ವಾಚಕರು ತುಸು ನಿಧಾನವಾಗಿ ಗಮನಿಸಬೇಕು. ನಾವು ತೋಟದ ಮನೆಯೆಂದಾಗ ಕಣ್ಣಿಗೆ ಕಾಣುವುದು ಒಂದು ಎಕರೆ. ಅದನ್ನು ಹೊತ್ತಿರುವುದು ಅದರ ಹಿಂದಿನ ಒಂಬತ್ತು ಎಕರೆ. ಹೊಸದಾಗಿ ತೋಟದ ಮನೆ ಕಟ್ಟುವವರು ಈ ಒಂಬತ್ತು ಎಕರೆಯನ್ನು ಮರೆತೇ ನಕ್ಷೆ ಬರೆಯಿಸುತ್ತಾರೆ. ಗೊಬ್ಬರ, ನೀರು, ಉರುವಲುಗಳೆಲ್ಲ ಲಾರಿಯಲ್ಲಿ ಬಂದಿಳಿಯುವ ಮನೆಯನ್ನು ತೋಟದ ಮನೆಯೆನ್ನುವುದಕ್ಕಿಂತ ತೋಟವಿರುವ ಮನೆಯೆನ್ನುವುದು ಮೇಲು.

ಇನ್ನು ಇತಿಹಾಸದ ವಿಷಯ. ಹವ್ಯಕರನ್ನು ಕದಂಬ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದನೆಂಬ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳೋಣ. ಈ ಘಟ್ಟದ ಮೆಣಸು ಪರದೇಶಗಳಿಗೆ ಹೋಗುತ್ತಿದ್ದುದೂ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಪೋರ್ತುಗೀಜರು ಮೆಣಸಿನ ರಾಣಿಯೆಂಬ ಹೆಸರಿಟ್ಟುದೂ ಪ್ರಸಿದ್ಧವಾಗಿದೆ. ಸೋದೆಯ ಅರಸರ ಆಳ್ವಿಕೆ ಮುಗಿದು, ಹೈದರ ಟಿಪ್ಪುಗಳ ಕಾಲವೂ ಕಳೆದು, ೧೭೯೯ರಲ್ಲಿ ಸೀಮೆಯು ಇಂಗ್ಲಿಷರ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಕೆನರಾದಲ್ಲಿ ಭೂಮಿಯ ಒಡೆತನವು ಖಾಸಗಿಯಾಗಿಯೂ ಪುರಾತನವಾಗಿಯೂ ಇದೆಯೆಂಬುದನ್ನು ಕಂಡು ವರದಿ ಮಾಡಿದನು. ಎರಡು ವರ್ಷಗಳ ತರುವಾಯ, ಎಂದರೆ ೧೮೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಮಾರ್ಗವಾಗಿ ಸಂಚರಿಸಿ ತೋಟಗಳನ್ನು ನೋಡಿ ಬರೆದಿಟ್ಟನು. ಹೈಗ ಬ್ರಾಹ್ಮಣರು ತಮ್ಮ ಕೈಯಿಂದಲೇ ಕೃಷಿಯ ಕೆಲಸ ಮಾಡುತ್ತಾರೆಂಬುದು ಅವನ ಗಮನ ಸೆಳೆದ ಸಂಗತಿಗಳಲ್ಲೊಂದು. ಅವನ ಗ್ರಂಥವು ೧೮೦೭ರಲ್ಲಿ ಅಚ್ಚಾಯಿತು. ಗುತ್ತಿಗೆಯ ಅಕ್ಕಿಯನ್ನುಂಡು ಕುಳಿತಿರಬಹುದಾದವನ ಮನೆಗೂ, ಬೆಳಗಾಗೆದ್ದು ತೋಟಕ್ಕಿಳಿಯಬೇಕಾದವನ ಮನೆಗೂ ರಚನೆಯಲ್ಲಿಯೇ ಭೇದವಿರುವುದರಿಂದ ಈ ಸಂಗತಿಯು ನಮ್ಮ ವಿಷಯಕ್ಕೆ ಮುಖ್ಯವಾದದ್ದು.

ಆ ರಚನೆಯು ಹೀಗಿರುತ್ತದೆ. ಕಣಿವೆಯ ತಳದಲ್ಲಿ ತೋಟ. ತೋಟದ ಅಂಚಿನ ಏರಿನಲ್ಲಿ ಮನೆ. ಮನೆಯ ಬೆನ್ನಿಗೆ ಬೆಟ್ಟ. ಬೆಟ್ಟದ ಸೊಪ್ಪು ಇಳಿದು ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯ ಗೊಬ್ಬರವು ಇಳಿದು ತೋಟಕ್ಕೆ ಹೋಗುತ್ತದೆ. ಭಾರವಾದುದೆಲ್ಲ ಇಳಿಜಾರಿನಲ್ಲಿಯೇ ಸಾಗುವಂತೆ ಮನೆಯನ್ನು ನಡುವೆ ನಿಲ್ಲಿಸಿದ ಈ ಜಾಣತನವು ಯಾವ ವಾಸ್ತುಶಾಸ್ತ್ರದ ಪುಸ್ತಕದಿಂದ ಬಂದದ್ದಲ್ಲ, ತಲೆಯ ಮೇಲೆ ಹೊರೆ ಹೊತ್ತವರಿಂದ ಬಂದದ್ದು. ನೀರೂ ಹಾಗೆಯೇ. ಬೆಟ್ಟದ ಒರತೆಯ ನೀರನ್ನು, ಅಡಿಕೆಯ ಮರವನ್ನು ಸೀಳಿ ತಿರುಳು ತೆಗೆದು ಮಾಡಿದ ದಂಬೆಗಳಲ್ಲಿ ಹರಿಸಿ ಬಚ್ಚಲಿಗೂ ಕೊಟ್ಟಿಗೆಗೂ ತರುವುದು, ಅಲ್ಲಿ ಬಳಸಿ ಮಿಕ್ಕ ನೀರು ಹಿತ್ತಲ ಬಾಳೆ, ಕೆಸುವುಗಳನ್ನು ತೋಯಿಸಿ ತೋಟದ ಕಾಲುವೆಯನ್ನು ಸೇರುವುದು. ಮಳೆಗಾಲದ ಹೆಚ್ಚಿನ ನೀರನ್ನು ಹೊರಹಾಕಲು ತೋಟದ ಉದ್ದಕ್ಕೂ ಬಸಿಗಾಲುವೆಗಳುಂಟು. ಇವು ಒಂದು ಕಡೆ ಮುಚ್ಚಿಹೋದರೆ ಕೆಳಗಿನವನ ತೋಟವೆಲ್ಲ ಕೊಳೆಯುತ್ತದೆ.

ಮನೆಯ ಒಳಗಣ ವಿನ್ಯಾಸವನ್ನು ಇನ್ನೂ ವಿವರವಾಗಿ ನೋಡತಕ್ಕದ್ದು, ಏಕೆಂದರೆ ಮೂರು ನಾಲ್ಕು ತಲೆಮಾರುಗಳು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವ ಉಪಾಯವೆಲ್ಲ ಅಲ್ಲಿದೆ. ಎದುರಿಗೆ ವಿಶಾಲವಾದ ಅಂಗಳ. ಅದನ್ನು ದಾಟಿದರೆ ಜಗುಲಿ. ಜಗುಲಿಯು ಹಿರಿಯರ ರಾಜ್ಯ. ಮುಪ್ಪಿನ ಅಜ್ಜನಿಗೆ ಅಲ್ಲಿ ಒಂದು ಮೂಲೆ, ಒಂದು ಕವಳದ ಹರಿವಾಣ. ಮನೆಗೆ ಬರುವವರೂ ಹೋಗುವವರೂ ಅವನ ಕಣ್ಣ ಮುಂದೆಯೇ ಹಾಯಬೇಕು. ಕೆಲಸಕ್ಕೆ ಬಾರದವನೆಂದು ಅವನನ್ನು ಒಳಗಿನ ಕತ್ತಲೆಯ ಕೋಣೆಗೆ ತಳ್ಳುವ ಪದ್ಧತಿಯಿರಲಿಲ್ಲ. ಈಗಿನ ನಕ್ಷೆಗಳಲ್ಲಿ ಮುದುಕರ ಕೋಣೆಯನ್ನು ಗದ್ದಲ ತಾಗದಂತೆ ಹಿಂದಕ್ಕೆ ಹಾಕುತ್ತಾರೆ. ಗದ್ದಲವನ್ನು ಕೇಳುವುದೇ ಆ ವಯಸ್ಸಿನ ಸುಖವೆಂಬುದು ನಕ್ಷೆ ಬರೆಯುವ ತರುಣರಿಗೆ ಹೇಗೆ ತಿಳಿಯಬೇಕು! ಜಗುಲಿಯ ಒಳಗೆ ನಡುಮನೆ, ಅದರಾಚೆ ದೇವರ ಕೋಣೆ, ಅಡಿಗೆಯ ಮನೆ, ಹಿಂದೆ ಬಚ್ಚಲು, ಹಿತ್ತಲು. ಮೇಲೆ ಮೆತ್ತು, ಅಲ್ಲಿ ಅಡಿಕೆ, ಮೆಣಸು, ಅಕ್ಕಿಯ ಸಂಗ್ರಹ. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ ಸಿಕ್ಕೀತು. ಉಳಿದ ತರುಣರೂ ಹುಡುಗರೂ ಜಗುಲಿಯಲ್ಲಿ, ಹೆಂಗಸರೂ ಕೂಸುಗಳೂ ನಡುಮನೆಯಲ್ಲಿ ಮಲಗುತ್ತಿದ್ದರು. ಇವನ ಕೋಣೆ, ಅವನ ಕೋಣೆಯೆಂಬ ಹಂಚಿಕೆಗಿಂತ ಈ ಹೊತ್ತಿನ ಜಾಗ, ಆ ಹೊತ್ತಿನ ಜಾಗವೆಂಬ ಹಂಚಿಕೆಯೇ ಹೆಚ್ಚಾಗಿತ್ತು.

ಇದರ ಉತ್ತಮ ನಿದರ್ಶನವು ಅಂಗಳದ ಅಟ್ಟ. ಮಳೆ ಕಳೆದು ಕೊಯ್ಲು ಬರುತ್ತಲೇ ಅಂಗಳದಲ್ಲಿ ಕಂಬ ನೆಟ್ಟು, ಅಡಿಕೆಯ ದಬ್ಬೆ ಹಾಸಿ ಅಟ್ಟ ಕಟ್ಟುತ್ತಾರೆ. ಮೇಲೆ ಬೇಯಿಸಿದ ಅಡಿಕೆ ಒಣಗುತ್ತದೆ. ಕೆಳಗೆ ಮನೆಗೆ ನೆರಳಾಗುತ್ತದೆ. ಮದುವೆ ಮುಂಜಿಗಳು ನಡೆಯುವುದೂ ಆ ನೆರಳಿನಲ್ಲಿಯೇ. ಮಳೆಗೆ ಮುಂಚೆ ಅದನ್ನು ಬಿಚ್ಚಿದರೆ ಆರು ತಿಂಗಳ ಬೆಳಕು ಮತ್ತೆ ಮನೆಯೊಳಗೆ ಬರುತ್ತದೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಜಗುಲಿಯ ತುಂಬ ಅಡಿಕೆ ಸುಲಿಯುವವರು. ನೆರೆಮನೆಯವರು ಮುಯ್ಯಾಳಾಗಿ ಬರುತ್ತಿದ್ದರು. ನಾಳೆ ಇವರು ಅಲ್ಲಿಗೆ. ಎಂಟು ವರ್ಷದ ಹುಡುಗ ಗೋಟನ್ನು ಆರಿಸಿಯಾನು, ಎಪ್ಪತ್ತರ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತಾಳು. ಮಹಾಭಾರತದ ಕಥೆಯನ್ನು ಎಷ್ಟೋ ಮಕ್ಕಳು ಮೊದಲು ಕೇಳಿದ್ದು ಈ ಸುಲಿಯುವ ರಾತ್ರಿಗಳಲ್ಲಿ. ತಾಳಮದ್ದಲೆಗೂ ಇದೇ ಜಗುಲಿ ರಂಗಸ್ಥಳವಾಗುತ್ತಿತ್ತು. ಎಲ್ಲ ವಯಸ್ಸಿನವರಿಗೂ ಅವರವರ ಶಕ್ತಿಗೆ ತಕ್ಕ ಕೆಲಸವಿರುವ ಮನೆಯಲ್ಲಿ ಎಲ್ಲ ವಯಸ್ಸಿನವರಿಗೂ ಬೆಲೆಯಿರುತ್ತದೆ.

ಹಿತ್ತಲಿನ ಆಡಳಿತವು ಹೆಂಗಸರದು. ಒಂದೆಲಗ, ಬಸಳೆ, ಕೆಸುವು, ಅರಿಶಿನ, ಶುಂಠಿ, ಕಂಚಿ, ನುಗ್ಗೆ ಇವೆಲ್ಲ ಬಚ್ಚಲ ನೀರಿನಲ್ಲಿ ಬೆಳೆದವು. ದಿನಕ್ಕೊಂದು ಸೊಪ್ಪಿನ ತಂಬುಳಿ, ಮಿಡಿಮಾವಿನ ಉಪ್ಪಿನಕಾಯಿ, ಹಲಸಿನ ಹಪ್ಪಳ. ಮಳೆಗಾಲದ ನಾಲ್ಕು ತಿಂಗಳು ಪೇಟೆಯ ಮುಖ ನೋಡದೆಯೂ ಮನೆ ಸಾಗುತ್ತಿತ್ತು. ಉಪ್ಪು, ಎಣ್ಣೆ, ಬಟ್ಟೆಗಳಿಗೆ ಮಾತ್ರ ಅಡಿಕೆಯನ್ನು ಮಾರಬೇಕು.

ಮಾಡಿನ ಹೊದಿಕೆಯೂ ತೋಟದ್ದೇ. ಅಡಿಕೆಯ ಸೋಗೆಯನ್ನು ವರ್ಷಕ್ಕೊಮ್ಮೆ ಮಳೆಗೆ ಮೊದಲು ಹೊದಿಸುವುದು. ಇಳಿಸಿದ ಹಳೆಯ ಸೋಗೆ ಮತ್ತೆ ತೋಟಕ್ಕೆ ಗೊಬ್ಬರ. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ. ಒಡೆದರೂ ಕೆಡವಿದರೂ ನೆಲಕ್ಕೆ ಸೇರದ ವಸ್ತುವೇ ಆ ಮನೆಯಲ್ಲಿರಲಿಲ್ಲವೆನ್ನಬಹುದು. ಇದನ್ನು ಇಂದು ಬಹುವಾಗಿ ಹೊಗಳುತ್ತಾರೆ. ಹೊಗಳುವವರು ಒಂದು ಮಾತನ್ನು ನೆನೆಯಬೇಕು: ಸೋಗೆಯ ಮಾಡು ಪ್ರತಿವರ್ಷವೂ ಹತ್ತು ಕೈಗಳನ್ನು ಕೇಳುತ್ತದೆ. ಕೊಳೆರೋಗ ತಾಗದಂತೆ ಮಳೆಗೆ ಮೊದಲು ಮರ ಹತ್ತಿ ಪ್ರತಿಯೊಂದು ಕೊನೆಗೂ ಕೊಟ್ಟೆ ಕಟ್ಟಬೇಕು. ಅದಕ್ಕೂ ಕೈ ಬೇಕು. ಏಕತ್ರ ಕುಟುಂಬವು ಈ ಮನೆಯನ್ನು ಕಟ್ಟಿತೆನ್ನುವುದು ಎಷ್ಟು ನಿಜವೋ, ಈ ಮನೆಯ ದುಡಿಮೆಯು ಏಕತ್ರ ಕುಟುಂಬವನ್ನು ಕಟ್ಟಿತೆನ್ನುವುದೂ ಅಷ್ಟೇ ನಿಜ.

ಈ ಬಾಳಿನ ಭಾರವು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನು ಹೇಳದೆ ಹೋದರೆ ಇತಿಹಾಸ ಬರೆದಂತಾಗದು. ಅಡಿಗೆಯ ಮನೆಯ ಹೊಗೆಯು ಮಾಡಿನ ಮರವನ್ನು ಹುಳುವಿನಿಂದ ಕಾಯಿತು, ಮೇಲೆ ತೂಗಿದ ಬೀಜಗಳನ್ನು ಕಾಯಿತು. ಒಲೆಯ ಮುಂದಿನವಳ ಕಣ್ಣನ್ನು ಮಾತ್ರ ಕಾಯಲಿಲ್ಲ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟು, ಮೊದಲು ತಮ್ಮನ ಮನೆಯಲ್ಲಿ, ಆಮೇಲೆ ತಮ್ಮನ ಮಗನ ಮನೆಯಲ್ಲಿ ಸೌಟು ಹಿಡಿದು ಮುಪ್ಪಾದ ಅತ್ತೆಯರಿಲ್ಲದಿದ್ದರೆ ಎಷ್ಟು ದೊಡ್ಡ ಮನೆಗಳು ನಡೆಯುತ್ತಿದ್ದವು? ಅವರ ದುಡಿಮೆ ಯಾವ ಲೆಕ್ಕದಲ್ಲಿಯೂ ಬರಲಿಲ್ಲ. ಬೆಟ್ಟದ ಸೊಪ್ಪನ್ನು ಕಡಿದು ಹೊತ್ತವರಲ್ಲಿಯೂ, ಮರ ಹತ್ತಿ ಕೊನೆ ಇಳಿಸಿದವರಲ್ಲಿಯೂ ಬಹುಮಂದಿ ಬೇರೆ ಜಾತಿಯ ಆಳುಗಳು. ಅವರು ಅಂಗಳದವರೆಗೆ ಬರಬಹುದು, ಜಗುಲಿ ಹತ್ತುವಂತಿರಲಿಲ್ಲ. ಆ ಮನೆಯ ಆದರ್ಶವನ್ನು ಇಂದು ಎತ್ತಿ ಹೇಳುವಾಗ ಈ ಎರಡು ಸಂಗತಿಗಳನ್ನು ಮುಚ್ಚಿಡುವುದು ನ್ಯಾಯವಲ್ಲ.

ಒಡೆಯುವ ಕಾಲವು ಹೇಗೆ ಬಂತು? ಮೊದಲ ಪೆಟ್ಟು ಬಿದ್ದದ್ದು ಬೆಟ್ಟಕ್ಕೆ. ೧೮೬೨ರಲ್ಲಿ ಉತ್ತರ ಕೆನರಾವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ೧೮೭೮ರ ಅರಣ್ಯ ಕಾಯಿದೆಯಾದ ಮೇಲೆ ಕಾಡಿನ ಬಹುಭಾಗವು ಕಾದಿಟ್ಟ ಅರಣ್ಯವಾಗಿ, ಜನರು ತಲೆತಲಾಂತರದಿಂದ ಬಳಸುತ್ತಿದ್ದ ಕಾಡಿಗೆ ಗಡಿಕಲ್ಲುಗಳು ಬಿದ್ದವು. ಅರಣ್ಯದ ಈ ಸಂಕಟವು ೧೯೩೦ರ ಕಾಯಿದೆಭಂಗದ ಚಳವಳಿಗೆ ಇಲ್ಲಿ ವಿಶೇಷ ಬಲವನ್ನು ಕೊಟ್ಟಿತು. ಸಿದ್ದಾಪುರ ಅಂಕೋಲೆಗಳ ಕರನಿರಾಕರಣೆಯಲ್ಲಿ ಎಷ್ಟೋ ಕುಟುಂಬಗಳ ಭೂಮಿಯು ಜಪ್ತಿಯಾಯಿತು. ಅಂದು ಮನೆಮಾರು ಕಳೆದುಕೊಂಡವರಿಗೆ ಆಸರೆ ಕೊಟ್ಟದ್ದು ಉಳಿದವರ ಜಗುಲಿಗಳೇ.

ಎರಡನೆಯದು ಸದ್ದಿಲ್ಲದ ಬದಲಾವಣೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ಮೇಲೆ ಆ ಹಂಚು ಮೆಲ್ಲಮೆಲ್ಲಗೆ ಘಟ್ಟವನ್ನೂ ಹತ್ತಿತು. ಬೆಂಕಿಯ ಭಯ ಹೋಯಿತು, ಒಳ್ಳೆಯದೇ ಆಯಿತು. ಆದರೆ ವರ್ಷಕ್ಕೊಮ್ಮೆ ಎಲ್ಲರೂ ಸೇರಲೇಬೇಕಾದ ಒಂದು ನಿಮಿತ್ತವೂ ಹೋಯಿತು. ೧೯೧೦ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಕೊಟ್ಟೆ ಕಟ್ಟುವ ಶ್ರಮವು ಕ್ರಮೇಣ ತಪ್ಪಿತು. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿ, ಮಾರಾಟಕ್ಕೂ ಸಾಲಕ್ಕೂ ದಲಾಲರನ್ನೇ ನಂಬಿದ್ದ ಸಣ್ಣ ತೋಟಿಗನಿಗೆ ತನ್ನ ಕಾಲ ಮೇಲೆ ನಿಲ್ಲುವ ದಾರಿಯಾಯಿತು. ಇವುಗಳಲ್ಲಿ ಒಂದೊಂದೂ ಉಪಕಾರವೇ. ಒಟ್ಟು ಸೇರಿ ಅವು, ಹತ್ತು ಜನರಿಲ್ಲದೆಯೂ ತೋಟ ನಡೆದೀತೆಂಬುದನ್ನು ತೋರಿಸಿಕೊಟ್ಟವು.

ಕಾನೂನೂ ಅದೇ ದಿಕ್ಕಿಗೆ ನಡೆಯಿತು. ಮಿತಾಕ್ಷರದ ಮೇರೆಗೆ ಕುಟುಂಬದ ಹಣದಿಂದ ವಿದ್ಯೆ ಕಲಿತವನ ಸಂಪಾದನೆಯಲ್ಲಿ ಕುಟುಂಬಕ್ಕೆ ಹಕ್ಕುಂಟೇ ಎಂಬ ವ್ಯಾಜ್ಯವು ಬಹುಕಾಲ ನಡೆದಿತ್ತು. ೧೯೩೦ರ ವಿದ್ಯಾರ್ಜಿತ ದ್ರವ್ಯದ ಕಾಯಿದೆಯು ಅದನ್ನು ಗಳಿಸಿದವನ ಸ್ವಂತದ್ದೆಂದು ತೀರ್ಮಾನಿಸಿತು. ಮುಂಬಯಿಯಲ್ಲಿಯೋ ಧಾರವಾಡದಲ್ಲಿಯೋ ಓದಿ ನೌಕರಿ ಹಿಡಿದ ಮಗನ ಸಂಬಳವು ಅವನದು; ತೋಟದ ಅಡಿಕೆಯಲ್ಲಿ ಮಾತ್ರ ಅವನಿಗೆ ಎಂದಿನ ಪಾಲು. ಮನೆಯಲ್ಲಿಯೇ ನಿಂತು ಸೊಪ್ಪು ಹೊತ್ತ ತಮ್ಮನಿಗೆ ಈ ನ್ಯಾಯವು ರುಚಿಸದಿದ್ದುದರಲ್ಲಿ ಆಶ್ಚರ್ಯವೇನು? ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ೧೯೫೬ರ ವಾರಸಾ ಕಾಯಿದೆಯೂ, ೧೯೯೪ರ ಕರ್ನಾಟಕದ ತಿದ್ದುಪಡಿಯೂ, ೨೦೦೫ರ ಕೇಂದ್ರದ ತಿದ್ದುಪಡಿಯೂ ಕ್ರಮವಾಗಿ ಬಂದವು. ಆ ಕೆಂಪು ಸೀರೆಯ ಅತ್ತೆಯರನ್ನು ನೆನೆದರೆ, ಇವು ಬಹಳ ತಡವಾಗಿಯೇ ಬಂದವೆಂದು ಹೇಳಬೇಕು. ೧೯೭೪ರ ಭೂಸುಧಾರಣೆಯಿಂದ ಗೇಣಿಯ ಭೂಮಿಯು ಉಳುವವರ ಕೈಸೇರಿತು. ೧೯೮೩ರಲ್ಲಿ ಸಾಲ್ಕಣಿಯ ಬಳಿ ಜನರು ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದುದನ್ನು ವಾಚಕರೆಲ್ಲರೂ ಬಲ್ಲರು. ತೋಟಕ್ಕೂ ಬೆಟ್ಟಕ್ಕೂ ಇರುವ ಹಳೆಯ ನಂಟು ಅಷ್ಟರ ಮಟ್ಟಿಗೆ ಇನ್ನೂ ಜೀವಂತವಾಗಿತ್ತು. ಅದೇ ತೋಟಿಗರ ಎಷ್ಟೋ ಬೆಟ್ಟಗಳು ಅತಿಯಾಗಿ ಸೊಪ್ಪು ಕಡಿದು ಬೋಳಾದುದನ್ನೂ ಇದರೊಡನೆಯೇ ಹೇಳಬೇಕಾಗಿದೆ.

ಪಾಲಾಗುವ ಕ್ರಮವು ನೋಡತಕ್ಕದ್ದಾಗಿದೆ. ಮೊದಲು ಒಲೆ ಬೇರೆಯಾಗುತ್ತದೆ. ಗೋಡೆ ಏಳುವುದು ಆಮೇಲೆ. ಬೇರೆ ಮನೆ ಕಟ್ಟಲು ನೆಲವಿಲ್ಲದೆ, ಇದ್ದ ಮನೆಯನ್ನೇ ಜಗುಲಿಯ ನಡುವೆ ಗೋಡೆಯೆಬ್ಬಿಸಿ ಎರಡು ಮಾಡುವುದು, ಮುಂದೆ ಅದಕ್ಕೇ ತಾಗಿ ಮತ್ತೆರಡನ್ನು ಕಟ್ಟುವುದು. ಒಂದೇ ಮಾಡಿನ ಕೆಳಗೆ ಸಾಲಾಗಿ ನಾಲ್ಕಾರು ಬಾಗಿಲುಗಳಿರುವ ಮನೆಗಳು ನಮ್ಮ ಊರುಗಳಲ್ಲಿ ಹೀಗೆ ಹುಟ್ಟಿಕೊಂಡವು. ಹೊರಗಿನವರು ಅವುಗಳನ್ನು ನೋಡಿ ಒಡೆದ ಮನೆಗಳೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಪ್ರತಿಯೊಬ್ಬಳಿಗೂ ತನ್ನ ಒಲೆ, ಪ್ರತಿಯೊಬ್ಬನಿಗೂ ತನ್ನ ಲೆಕ್ಕ. ಮುಪ್ಪಿನವರಿಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಎಲ್ಲರೂ. ಅಖಂಡ ಕುಟುಂಬಕ್ಕಿಂತ ಈ ಸಾಲುಮನೆಯೇ ನಮ್ಮ ಹಿರಿಯರು ಕಂಡುಕೊಂಡ ಹೆಚ್ಚಿನ ವಿವೇಕವೆಂದು ನನ್ನ ಅಭಿಪ್ರಾಯ. ಇಂದು ಕೂಡುಬಾಳಿನ ಮನೆಯನ್ನು ಕಟ್ಟಬಯಸುವವರು ದೊಡ್ಡದೊಂದು ಸಮಾನ ಅಡಿಗೆಯ ಮನೆಯಿಂದ ಪ್ರಾರಂಭಿಸಿ ಮೂರೇ ವರ್ಷಕ್ಕೆ ಮುನಿಸಿಕೊಳ್ಳುವುದಕ್ಕಿಂತ, ಬೇರೆಬೇರೆ ಒಲೆಗಳೂ ಒಂದೇ ಅಂಗಳವೂ ಇರುವ ಈ ಕ್ರಮವನ್ನು ಒಮ್ಮೆ ಬಂದು ನೋಡುವುದು ಲೇಸು. ನೋಡಲು ಬೇಗ ಬರಬೇಕು. ಸಾಲಿನ ಎಷ್ಟೋ ಬಾಗಿಲುಗಳಿಗೆ ಈಗ ಬೀಗ ಬಿದ್ದಿದೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ.

ಅಂಥ ಮನೆಗಳ ಹಳೆಯ ವಿಭಾಗಪತ್ರಗಳಲ್ಲಿ ಒಂದು ಶಬ್ದವು ಪದೇ ಪದೇ ಬರುತ್ತದೆ: ಸಾಮಾಯಿಕ. ಎಲ್ಲರಿಗೂ ಸೇರಿದ್ದು, ಯಾರೂ ಪರಭಾರೆ ಮಾಡಕೂಡದ್ದು ಎಂದರ್ಥ. ತೋಟದ ಮರಗಳನ್ನು ಎಣಿಸಿ, ಪಾತ್ರೆಪಗಡಗಳನ್ನು ತೂಗಿ, ಕೊಟ್ಟಿಗೆಯ ದನಗಳನ್ನು ಸಹ ಹಂಚಿಕೊಂಡ ಅಣ್ಣತಮ್ಮಂದಿರು ಕೊನೆಯಲ್ಲಿ ಬಾವಿ, ಬಾವಿಗೆ ಹೋಗುವ ದಾರಿ, ತೋಟದ ನೀರಿನ ಕಾಲುವೆ, ಬೆಟ್ಟಕ್ಕೆ ಹೋಗುವ ಗಾಡಿಯ ಹಾದಿ, ಅಂಗಳ, ದೇವರ ಕೋಣೆ ಇವನ್ನು ಸಾಮಾಯಿಕವೆಂದು ಬರೆದು ಒಪ್ಪ ಹಾಕುತ್ತಿದ್ದರು. ಗಡಿಯ ಮೇಲೆಯೇ ನಿಂತ ಹಲಸಿನ ಮರವೊಂದಿದ್ದರೆ, ಅದರ ಕಾಯಿಯನ್ನು ಒಂದು ವರ್ಷ ಹಿರಿಯವನೂ ಮರುವರ್ಷ ಕಿರಿಯವನೂ ಕೊಯ್ಯತಕ್ಕದ್ದು, ಮರವನ್ನು ಮಾತ್ರ ಇಬ್ಬರೂ ಒಪ್ಪದೆ ಕಡಿಯತಕ್ಕದ್ದಲ್ಲ ಎಂಬ ನಿರ್ಬಂಧವನ್ನೂ ಬರೆಯುವುದುಂಟು.